ಇಬ್ಬನಿ ಅಂತ ಹೆಸರಿಟ್ಟರೆ ಮಗು ಕರಗಿ ಹೋಗುತ್ತದಾ?

ಪ್ರಶ್ನೆ: ನಮಗೆ ಹೆಣ್ಣು ಮಗು ಹುಟ್ಟಿ ಐದು ವಾರ ಆಯಿತು. ನನಗೂ ನನ್ನ ಯಜಮಾನರಿಗೂ ‘ಇಬ್ಬನಿ’ ಅನ್ನೋ ಹೆಸರು ತುಂಬಾ ಇಷ್ಟ. ಆದರೆ ಅತ್ತೆಯವರು, “ಬಿಸಿಲು ಬಿದ್ದರೆ ಕರಗಿ ಹೋಗೋದನ್ನ ಯಾರಾದ್ರೂ ಮಗುವಿಗೆ ಇಡ್ತಾರಾ?” ಅನ್ನುತ್ತಾರೆ. ನಾದಿನಿ ಮೊಬೈಲಿನಲ್ಲಿ ಹುಡುಕಿ ‘ಅನಯಾ’ ಅಂತ ಆರಿಸಿದ್ದಾಳೆ. ಪುರೋಹಿತರು ಆರಿದ್ರಾ ನಕ್ಷತ್ರ ಮೂರನೇ ಪಾದ, ‘ಙ’ ಅಕ್ಷರ ಬಂದಿದೆ ಅಂದರು! ಆಫೀಸಿನ ಗೆಳತಿಯರಿಗೆ ಇಬ್ಬನಿ ಅಂತ ಹೇಳಿದರೆ ನಕ್ಕರು. ನಾಳೆ ಶಾಲೆಯಲ್ಲಿ ಮಗುವನ್ನು ಆಡಿಕೊಳ್ಳುತ್ತಾರಾ? ಜನನ ನೋಂದಣಿ ಆಗಿದೆ, ಹೆಸರು ಮಾತ್ರ ಇನ್ನೂ ಬರೆಸಿಲ್ಲ. ಏನು ಮಾಡಲಿ?
ದಾವಣಗೆರೆಯಿಂದ ಒಬ್ಬ ತಾಯಿ

ಉತ್ತರ: ಮೊದಲು ಅತ್ತೆಯವರ ಮಾತನ್ನೇ ತೆಗೆದುಕೊಳ್ಳೋಣ. ಅದನ್ನು ತಳ್ಳಿಹಾಕುವುದು ಬೇಡ, ಮಗುವಿನ ಒಳ್ಳೆಯದಕ್ಕೇ ಅವರು ಹೇಳಿರುವುದು. ಆದರೆ ಅವರನ್ನು ಒಂದು ಮಾತು ಕೇಳಿ: “ಅತ್ತೆ, ತುಷಾರ ಅಂತ ಹೆಸರಿಟ್ಟರೆ ಆಗಬಹುದಾ?” ಆಗಬಹುದು ಅನ್ನುತ್ತಾರೆ, ನೋಡಿ ಬೇಕಾದರೆ. ತುಷಾರ ಎಂಬ ಹೆಸರಿನ ಹುಡುಗರು ಊರೂರಿಗೂ ಇದ್ದಾರೆ, ಆ ಹೆಸರಿನ ಮಾಸಪತ್ರಿಕೆಯೂ ಇದೆ. ತುಷಾರ ಅಂದರೆ ಏನು? ಮಂಜು, ಇಬ್ಬನಿ. ನಿಹಾರಿಕಾ ಅಂತ ಎಷ್ಟು ಹುಡುಗಿಯರಿಲ್ಲ! ನೀಹಾರ ಅಂದರೂ ಮಂಜೇ. ಅವರ್ಯಾರೂ ಬಿಸಿಲಿಗೆ ಕರಗಿದ್ದು ನಾನಂತೂ ಕಂಡಿಲ್ಲ. ಬೆಳಗಾದರೆ ಮುಗಿದುಹೋಗುವ ಹೊತ್ತು ಉಷಾ, ಕತ್ತಲಾದರೆ ಮುಗಿಯುವ ಹೊತ್ತು ಸಂಧ್ಯಾ. ಅವೆರಡೂ ನಮ್ಮ ತಲೆಮಾರಿನಲ್ಲಿ ಮನೆಗೊಂದರಂತೆ ಇದ್ದವು.

ಹಾಗಾದರೆ ಇಬ್ಬನಿ ಕೇಳಿದ ಕೂಡಲೇ ಕರಗುವುದು ಯಾಕೆ ನೆನಪಾಯಿತು? ಅದು ಕನ್ನಡ. ಕೇಳಿದ ತಕ್ಷಣ ಹುಲ್ಲಿನ ತುದಿಯ ಹನಿ ಕಣ್ಣಿಗೆ ಬರುತ್ತದೆ. ತುಷಾರ ಅಂದರೆ ಏನೂ ಬರುವುದಿಲ್ಲ, ಕಿವಿಗೆ ಇಂಪಾಗಿ ಕೇಳಿಸುತ್ತದೆ ಅಷ್ಟೆ. ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿ, ಹಾಜರಿ ಪುಸ್ತಕದಲ್ಲಿ ಸಾವಿರಾರು ಹೆಸರು ಕೂಗಿದವಳು ನಾನು. ನಮ್ಮ ಜನ ಅರ್ಥವಾಗದ ಹೆಸರಿಗೆ ಗಾಬರಿಯಾಗುವುದಕ್ಕಿಂತ ಜಾಸ್ತಿ ಅರ್ಥವಾಗುವ ಹೆಸರಿಗೇ ಗಾಬರಿಯಾಗುತ್ತಾರೆ. ನಿಮ್ಮ ಗೆಳತಿಯರು ನಕ್ಕದ್ದೂ ಇದಕ್ಕೇ.

ಮೊದಲು ಹೀಗಿರಲಿಲ್ಲ. ಡಿವಿಜಿಯವರ ಹೆಸರಿನಲ್ಲಿರುವ ಗುಂಡಪ್ಪ, ಕುವೆಂಪು ಅವರ ಹೆಸರಿನಲ್ಲಿರುವ ಪುಟ್ಟಪ್ಪ, ಎರಡರ ಅರ್ಥವನ್ನೂ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕರಿಯಪ್ಪ, ಕೆಂಚಮ್ಮ, ಸಣ್ಣವ್ವ, ಕಾಡಪ್ಪ, ಹುಚ್ಚಪ್ಪ, ಎಲ್ಲವೂ ಹಾಗೆಯೇ. ಹುಟ್ಟಿದ ಮಕ್ಕಳು ಉಳಿಯುತ್ತಿರಲಿಲ್ಲ ಅಂದಾಗ ಮಗುವನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಹೊರಳಿಸಿ ತಿಪ್ಪಣ್ಣ, ತಿಪ್ಪಮ್ಮ ಅಂತ ಹೆಸರಿಡುತ್ತಿದ್ದರು. ಇದು ಯಾರಿಗೂ ಬೇಡವಾದ ಕೂಸು, ಇದರ ತಂಟೆಗೆ ಬರಬೇಡ ಅಂತ ಸಾವಿಗೆ ಹೇಳಿದ ಸುಳ್ಳು ಅದು. ನಿಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿ ಇರುವುದರಿಂದ ಆ ಸೀಮೆಯಲ್ಲಿ ತಿಪ್ಪೇಸ್ವಾಮಿ ಎಂದರೆ ದೇವರ ಹೆಸರು. ಅಲ್ಲಿ ಯಾರೂ ಮೂಗು ಮುರಿಯುವುದಿಲ್ಲ. ಅದೇ ತಿಪ್ಪೇಸ್ವಾಮಿ ಬೆಂಗಳೂರಿನ ಇಂಗ್ಲಿಷ್ ಶಾಲೆಗೆ ಸೇರಿದರೆ ವಾರದೊಳಗೆ ‘ಟಿಪ್ಪಿ’ ಆಗುತ್ತಾನೆ.

ಸಾಕವ್ವ ಅಂತ ಒಬ್ಬ ಹುಡುಗಿ ನನ್ನ ತರಗತಿಯಲ್ಲಿದ್ದಳು. ಮೂರು ಹೆಣ್ಣಾದ ಮೇಲೆ ನಾಲ್ಕನೆಯದೂ ಹೆಣ್ಣು, ಇನ್ನು ಸಾಕು ಅಂತ ಇಟ್ಟ ಹೆಸರು. ಇದು ಮಾತ್ರ ನನಗೆ ನೋವು ತರುವ ಹೆಸರು. ಸುಮ್ನೆ ವಿಚಿತ್ರ ಅನ್ನಿಸುವ ಹೆಸರು ಬೇರೆ, ‘ನೀನು ಬೇಡವಾಗಿದ್ದೆ’ ಅಂತ ದಿನಾ ನೆನಪಿಸುವ ಹೆಸರು ಬೇರೆ. ಹಿಂದಿನ ಬೆಂಚಿನ ಹುಡುಗನೊಬ್ಬ, “ಯಾಕೆ ಸಾಕು?” ಅಂತ ಕೆಣಕಿದ. ಅವಳು ತಿರುಗಿ, “ಸಾಕು ಅಂದರೆ ಸಲಹು ಅಂತಲೂ ಅರ್ಥ ಇದೆ, ನಾಳೆ ನಿನ್ನಂಥೋರನ್ನ ಸಾಕೋಳು ನಾನೇ” ಅಂದಳು. ವ್ಯಾಕರಣ ಪಾಠದ ದಿನವೇ ಆಗಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದೆ! ಬೆಂಗಳೂರಿನಲ್ಲಿ ಕಾಫಿ ಪುಡಿ ಉದ್ಯಮ ನಡೆಸಿ ಹೆಸರಾದ ಸಾಕಮ್ಮನವರ ಕಥೆಯನ್ನು ಆಮೇಲೆ ಅವಳಿಗೆ ಹೇಳಿದೆ. ಬಸವನಗುಡಿಯ ಹತ್ತಿರ ಸಾಕಮ್ಮ ಗಾರ್ಡನ್ಸ್ ಅಂತ ಒಂದು ಬಡಾವಣೆಯೇ ಇದೆ. ಅಲ್ಲಿ ವಿಳಾಸ ಹೇಳುವವರು ಯಾರಿಗಾದರೂ ‘ಸಾಕು’ ಕೇಳಿಸುತ್ತದಾ?

ಆಡಿಕೊಳ್ಳುತ್ತಾರಾ ಅಂತ ಕೇಳಿದ್ದೀರಿ. ಆಡಿಕೊಳ್ಳುತ್ತಾರೆ. ಮಕ್ಕಳು ಯಾವ ಹೆಸರನ್ನೂ ಬಿಟ್ಟವರಲ್ಲ. ರಮೇಶನನ್ನು, ಸುರೇಶನನ್ನು ಬಿಟ್ಟಿದ್ದಾರಾ? ಆದರೆ ಎಲ್ಲಿ ನಗುತ್ತಾರೆ, ಎಷ್ಟು ದಿನ ನಗುತ್ತಾರೆ ಅನ್ನುವುದು ಬೇರೆ ಬೇರೆ. ನಾನು ಕೆಲಸ ಶುರು ಮಾಡಿದ್ದು ಗದಗಿನಲ್ಲಿ. ಅಲ್ಲಿ ಹಾಜರಿ ಕೂಗಿದರೆ ಮೆಣಸಿನಕಾಯಿ, ಬೆಲ್ಲದ, ಉಳ್ಳಾಗಡ್ಡಿ, ಅಕ್ಕಿ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಇವು ಮನೆತನದ ಹೆಸರು, ಅಡ್ಡಹೆಸರು. ಅಲ್ಲಿ ಅದು ಗಾಳಿ ನೀರಿನಷ್ಟು ಸಹಜ. ಆಮೇಲೆ ಬೆಂಗಳೂರಿನ ಕಾಲೇಜಿಗೆ ಬಂದೆ. ಅಲ್ಲಿಗೆ ಆ ಕಡೆಯ ಇಬ್ಬರು ಹುಡುಗರು ಸೇರಿದರು. ಮೆಣಸಿನಕಾಯಿ ಅಂತ ಕೂಗಿದಾಗ ತರಗತಿ ಹೋ ಅಂತ ನಕ್ಕಿತು. ಉಳ್ಳಾಗಡ್ಡಿ ಅಂದಾಗ ಯಾರೂ ನಗಲಿಲ್ಲ. ಉಳ್ಳಾಗಡ್ಡಿ ಅಂದರೆ ಈರುಳ್ಳಿ ಅಂತ ಗೊತ್ತಾಗುವುದಕ್ಕೆ ಅವರಿಗೆ ಎರಡು ದಿನ ಬೇಕಾಯಿತು, ಹಾಗಾಗಿ ಆ ನಗು ತಡವಾಗಿ ಬಂತು. ದೀಪಾವಳಿ ರಜೆ ಮುಗಿಸಿ ಬರುವ ಹೊತ್ತಿಗೆ ಮೆಣಸಿನಕಾಯಿ ಕಾಲೇಜು ಕ್ರಿಕೆಟ್ ತಂಡದ ಬೌಲರ್. ಆಮೇಲೆ ಆ ಹೆಸರಿನಲ್ಲಿ ಖಾರ ಹುಡುಕಿದವರಿಲ್ಲ.

ಬಿಡದಿ ಹತ್ತಿರದ ಭದ್ರಾಪುರದ ಹಕ್ಕಿಪಿಕ್ಕಿ ಜನರ ಹೆಸರುಗಳ ಬಗ್ಗೆ ನೀವೂ ಓದಿರಬಹುದು. ಕಾಫಿ, ಮೈಸೂರ್ ಪಾಕ್, ಹೈಕೋರ್ಟ್, ಸುಪ್ರೀಂ ಕೋರ್ಟ್, ಕಾಂಗ್ರೆಸ್, ಈಚೆಗೆ ಗೂಗಲ್. ಹಕ್ಕಿ ಹಿಡಿದು, ಬೇಟೆಯಾಡಿ ಅಲೆಯುತ್ತಿದ್ದವರು ಅವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಸುಬು ನಿಂತು, ಒಂದೊಂದು ಕಡೆ ನೆಲೆಯೂರಿದರು. ಊರಿಗೆ ಬಂದಾಗ ಏನು ದೊಡ್ಡದಾಗಿ, ಹೊಸದಾಗಿ, ರುಚಿಯಾಗಿ ಕಂಡಿತೋ ಅದನ್ನು ಮಗುವಿಗೆ ಇಟ್ಟರು. ಹೊರಗಿನಿಂದ ಹೋದವರು ನಗುತ್ತಾರೆ, ಕ್ಯಾಮೆರಾ ತಿರುಗಿಸುತ್ತಾರೆ. ಅವರ ಹಟ್ಟಿಯೊಳಗೆ “ಹೈಕೋರ್ಟ್, ಊಟಕ್ಕೆ ಬಾ” ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ನಾವು ರಾಜೇಶ್ವರಿ, ಇಂದ್ರಾಣಿ ಅಂತ ಇಡುವುದೂ ದೊಡ್ಡದು ಅನ್ನಿಸಿದ್ದನ್ನೇ ಅಲ್ವಾ? ನಮಗೆ ಇಂದ್ರನ ಆಸ್ಥಾನ ದೊಡ್ಡದು, ಅವರಿಗೆ ಹೈಕೋರ್ಟು. ನ್ಯಾಯ ಕೇಳಲು ಹೋಗಬಹುದಾದ ಜಾಗ ಎರಡನೆಯದೇ ಅಂತ ನನ್ನ ಅಭಿಪ್ರಾಯ.

ಆದರೆ 2020ರಲ್ಲಿ ರಾಯಪುರದ ಅವಳಿ ಮಕ್ಕಳಿಗೆ ಕೊರೊನಾ, ಕೋವಿಡ್ ಅಂತ ಇಟ್ಟ ಸುದ್ದಿ ಬಂದಾಗ ನನಗೆ ಸರಿ ಅನ್ನಿಸಲಿಲ್ಲ. ಅಲ್ಲಿ ನಗು ದಿನ ಕಳೆದಂತೆ ಆರುವುದಿಲ್ಲ. ಕೇಳಿದವರಿಗೆಲ್ಲ ತಮ್ಮ ತಮ್ಮ ಮನೆಯ ಸಾವು ನೆನಪಾಗುತ್ತದೆ. ಇಬ್ಬನಿ ಅಂದರೆ ಯಾರಿಗೆ ಏನು ಕೆಟ್ಟದ್ದು ನೆನಪಾಗಬೇಕು? ಹೆಚ್ಚೆಂದರೆ ಕನ್ನಡ ಮೇಷ್ಟ್ರೊಬ್ಬರು ಕಂಬನಿ ಅನ್ನಬಹುದು. ಹೇಗೂ ಬಂತು, ಹೇಳಿಬಿಡುತ್ತೇನೆ. ಕಣ್ಣು, ಪನಿ ಸೇರಿ ಕಂಬನಿ. ಆದೇಶ ಸಂಧಿಗೆ ಶಾಲೆಯಲ್ಲಿ ಕೊಡುವ ಉದಾಹರಣೆ. ಆ ಪನಿಯೇ ಇವತ್ತಿನ ಹನಿ. ಇಬ್ಬನಿಯ ‘ಬನಿ’ಯೂ ಅದೇ. ಹಾಲು ಹಾಗೆಯೇ ಹಳಗನ್ನಡದಲ್ಲಿ ಪಾಲ್ ಆಗಿತ್ತು. ಅಂದರೆ ನಿಮ್ಮ ಮಗಳ ಹೆಸರಿನಲ್ಲಿ ಸಾವಿರ ವರ್ಷ ಹಿಂದಿನ ‘ಪ’ಕಾರ ‘ಬ’ ಆಗಿ ಕೂತಿದೆ. ಯಾರಾದರೂ “ಏನಮ್ಮಾ ಇದು ಹೊಸ ಹೆಸರು?” ಅಂದರೆ ಇದನ್ನು ಹೇಳಿ, ಆಮೇಲೆ ಬೇರೆ ಮಾತಾಡುತ್ತಾರೆ.

ಈಗ ನಾದಿನಿಯವರ ಅನಯಾ. ಮೊಬೈಲಿನಲ್ಲಿ ಅದಕ್ಕೆ ಏನೇನೋ ಒಳ್ಳೆಯ ಅರ್ಥ ಬರೆದಿರುತ್ತಾರೆ. ನಯವಿನಯ ಅನ್ನುತ್ತೇವಲ್ಲ, ಆ ನಯ ಒಳ್ಳೆಯ ನಡತೆ, ನೀತಿ. ಅದರ ಮುಂದೆ ‘ಅ’ ಸೇರಿಸಿದರೆ ಸಂಸ್ಕೃತದಲ್ಲಿ ಅನಯ, ಅಂದರೆ ಕೆಟ್ಟ ನಡತೆ, ಆಪತ್ತು. ಅರಬ್ಬಿಯ ‘ಇನಾಯಾ’ ಬೇರೆ, ಅದಕ್ಕೆ ಕಾಳಜಿ ಅಂತ ಅರ್ಥ. ಅದರಿಂದ ಬಂದದ್ದು ಅಂತ ಇಟ್ಟುಕೊಂಡರೆ ಸರಿ. ಹುಡುಗರಿಗೆ ಇಡುವ ಆರವ್ ಇನ್ನೂ ತಮಾಷೆ. ಎಷ್ಟೋ ಕಡೆ ಅದಕ್ಕೆ ‘ಶಾಂತ’ ಅಂತ ಅರ್ಥ ಬರೆದಿದ್ದಾರೆ. ಕಲರವದ ‘ರವ’ ನಮಗೆ ಗೊತ್ತು, ಸದ್ದು. ಆರವ ಅಂದರೆ ಕೂಗಾಟ, ಗದ್ದಲ. ಮೂರು ವರ್ಷದ ಆರವ್‌ನನ್ನು ಸಾಕಿದ ಯಾವ ತಾಯಿಯೂ ಸಂಸ್ಕೃತದ್ದೇ ಸರಿ ಅನ್ನುತ್ತಾಳೆ.

ಇಟ್ಟವರು ಬೇಜಾರು ಮಾಡಿಕೊಳ್ಳಬೇಡಿ. ಸದ್ದಿಗೆ ಮನಸೋತು ಇಡುವುದು ತಪ್ಪೇನಲ್ಲ, ಆ ಮಕ್ಕಳು ಚೆನ್ನಾಗಿಯೇ ಇರುತ್ತಾರೆ. ಆದರೆ ಅರ್ಥ ಹೇಳಿಕೊಂಡು ಇಡುವುದಾದರೆ ಒಂದು ನಿಘಂಟು ತೆಗೆದು ನೋಡಿ. ಈಗಿನ ಎಷ್ಟೋ ಹೆಸರುಗಳು ನಿಘಂಟಿನಲ್ಲಿ ಸಿಗುವುದೇ ಇಲ್ಲ. ‘ಆನ್ಶ್’, ‘ವಿಕ್’ ಅಂತ ಬಾಲ ಸೇರಿಸಿ ಮಾಡಿದಂಥವು. ಎಲ್ಲರೂ ಬೇರೆ ಯಾರೂ ಇಡದ ಹೆಸರು ಬೇಕು ಅಂತ ಹೊರಟು, ಕೊನೆಗೆ ಒಂದೇ ತರಗತಿಯಲ್ಲಿ ನಾಲ್ಕು ಜನ ಪ್ರಾಸದಲ್ಲಿ ಕೂತಿರುತ್ತಾರೆ.

ಇನ್ನು ‘ಙ’! ನಿಮ್ಮ ಪತ್ರ ಓದುವಾಗ ಇಲ್ಲಿಗೆ ಬಂದು ನಕ್ಕುಬಿಟ್ಟೆ, ಕ್ಷಮಿಸಿ. ಇಪ್ಪತ್ತೇಳು ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಅಶ್ವಿನಿಯವರಿಗೆ ಚು, ಚೆ, ಚೊ, ಲ ಅಂತ ಸಲೀಸಾಗಿ ಸಿಗುತ್ತದೆ. ಆರಿದ್ರೆಯವರಿಗೆ ಕು, ಘ, ಙ, ಛ. ಹಸ್ತದವರಿಗೆ ಪು, ಷ, ಣ, ಠ. ಉತ್ತರಾಭಾದ್ರೆಗೆ ದು, ಥ, ಝ, ಞ. ಙ, ಣ, ಞಗಳಿಂದ ಶುರುವಾಗುವ ಹೆಸರು ನನಗಂತೂ ಒಂದೂ ಸಿಕ್ಕಿಲ್ಲ. ಹಾಗಾಗಿ ಹತ್ತಿರದ ಗ, ನ ಹಿಡಿದು ಹೊಂದಿಸುವುದು ವಾಡಿಕೆ. ಝ ಬಂದವರು ಜಾಹ್ನವಿಯನ್ನು ಝಾನ್ವಿ ಮಾಡಿದ್ದಾರೆ. ಜಹ್ನು ಋಷಿಯ ಮಗಳು ಅಂತ ಗಂಗೆಗೆ ಬಂದ ಹೆಸರು ಅದು. ಈಗ ಅಪ್ಪನ ಹೆಸರೇ ಹೋಯಿತು! ನಿಮ್ಮ ಪುರೋಹಿತರನ್ನೇ ಕೇಳಿ. ಜಾತಕದ ಹೆಸರು ಒಂದು, ಕರೆಯುವ ಹೆಸರು ಒಂದು ಇಡುವ ಪದ್ಧತಿ ಮೊದಲಿಂದ ಇದೆ. ಗ ಅಕ್ಷರದಲ್ಲಿ ಗೌರಿಯೋ ಗಂಗೆಯೋ ಜಾತಕದಲ್ಲಿರಲಿ. ಅತ್ತೆಯವರಿಗೆ ಇಷ್ಟವಾದ ದೇವರ ಹೆಸರನ್ನೇ ಅವರು ಆರಿಸಲಿ. ಇದು ಬರೀ ಉಪಾಯ ಅಂತ ತಿಳಿಯಬೇಡಿ. ಅಜ್ಜಿಗೆ ಮೊಮ್ಮಗಳಿಗೆ ಹೆಸರಿಡುವ ಆಸೆ ಇರುತ್ತದೆ. ಅದಕ್ಕೊಂದು ಜಾಗ ಬಿಟ್ಟರೆ ಅರ್ಧ ವಿರೋಧ ಅಲ್ಲೇ ಕಮ್ಮಿಯಾಗುತ್ತದೆ.

ಮನೆಯಲ್ಲಿ ಇದನ್ನು ಬೆಳೆಯಲು ಬಿಡಬೇಡಿ ಅಂತ ಹೇಳುವುದಕ್ಕೂ ಕಾರಣ ಇದೆ. 2024ರ ಡಿಸೆಂಬರಿನಲ್ಲಿ ಹುಣಸೂರಿನ ನ್ಯಾಯಾಲಯದ ಮುಂದೆ ಒಂದು ಜೋಡಿ ನಿಂತಿತ್ತು. ಮಗನ ಹೆಸರಿನ ವಿಷಯಕ್ಕೆ ಗಂಡ ಹೆಂಡತಿ ಸುಮಾರು ಮೂರು ವರ್ಷ ಜಗಳವಾಡಿ ದೂರ ಇದ್ದರು. ಕೊನೆಗೆ ನ್ಯಾಯಾಲಯದಲ್ಲೇ ಒಂದು ಹೊಸ ಹೆಸರು ಸೂಚಿಸಿ ಇಬ್ಬರನ್ನೂ ಒಪ್ಪಿಸಿದರು. ಇಬ್ಬರೂ ಹಾರ ಬದಲಾಯಿಸಿಕೊಂಡು ಒಟ್ಟಿಗೆ ಮನೆಗೆ ಹೋದರು. ಕೇರಳ ಹೈಕೋರ್ಟ್ ಕೂಡ 2023ರಲ್ಲಿ ತಂದೆ ತಾಯಿ ಒಪ್ಪದ ಒಂದು ಮಗುವಿಗೆ ತಾನೇ ಹೆಸರು ಆರಿಸಿಕೊಟ್ಟಿತ್ತು. ನಿಮ್ಮಲ್ಲಿ ಗಂಡ ಹೆಂಡತಿ ಒಂದೇ ಕಡೆ ಇದ್ದೀರಿ, ಅದೇ ದೊಡ್ಡದು.

ಹೊಸ ಹೆಸರಿಗೆ ಜನ ಹೇಗೆ ಒಗ್ಗಿಕೊಳ್ಳುತ್ತಾರೆ ಅನ್ನುವುದಕ್ಕೆ ಕುವೆಂಪು ಅವರ ಮನೆಯನ್ನೇ ನೋಡಿ. ಅವರ ತಂದೆ ವೆಂಕಟಪ್ಪ, ಅವರು ಪುಟ್ಟಪ್ಪ. 1938ರಲ್ಲಿ ಹುಟ್ಟಿದ ಮಗನಿಗೆ ಪೂರ್ಣಚಂದ್ರ ತೇಜಸ್ವಿ ಅಂತ ಇಟ್ಟರು. ಎರಡನೆಯ ಮಗ ಕೋಕಿಲೋದಯ ಚೈತ್ರ. ಆಮೇಲೆ ಇಂದುಕಲಾ, ತಾರಿಣಿ. ಮಲೆನಾಡಿನ ಒಕ್ಕಲು ಮನೆಯಲ್ಲಿ ಆ ಕಾಲಕ್ಕೆ ಇದನ್ನು ಕೇಳಿದ ನೆಂಟರ ಮುಖ ಹೇಗಿದ್ದಿರಬಹುದು ಅಂತ ನಾನು ಎಷ್ಟೋ ಸಲ ಊಹಿಸಿಕೊಂಡು ನಕ್ಕಿದ್ದೇನೆ. ಇವತ್ತು ತೇಜಸ್ವಿ ಅಂತ ಬೀದಿಗೊಬ್ಬರು, ಹುಡುಗರೂ ಸೈ, ಹುಡುಗಿಯರೂ ಸೈ. ಕೋಕಿಲೋದಯ ಮಾತ್ರ ಮತ್ತೊಬ್ಬರು ನನಗೆ ಸಿಕ್ಕಿಲ್ಲ. ಉದ್ದ ಜಾಸ್ತಿಯಾಯಿತೇನೋ.

ಮುಂದೆ ಲೋಕ ಯಾವ ಹೆಸರಿಗೆ ಏನು ಮಾಡುತ್ತದೋ ಮೊದಲೇ ತಿಳಿಯುವುದಿಲ್ಲ ಅನ್ನುವುದೂ ನಿಜ. ಸಿರಿ ಅನ್ನುವುದು ಎಷ್ಟು ಮುದ್ದಾದ ಕನ್ನಡ ಹೆಸರು. ತುಳುನಾಡಿನಲ್ಲಂತೂ ಸಿರಿ ದೈವದ ಹೆಸರು. 2011ರಲ್ಲಿ ಆಪಲ್ ಕಂಪನಿ ತನ್ನ ಫೋನಿನೊಳಗೆ ಅದೇ ಹೆಸರನ್ನು ಕೂರಿಸಿತು. ನನ್ನ ಗೆಳತಿಯ ಮೊಮ್ಮಗಳು ಸಿರಿ. ಅಜ್ಜಿ “ಏ ಸಿರಿ, ಹಾಲು ಕುಡಿದೆಯಾ?” ಅಂದರೆ ಸೋಫಾ ಮೇಲಿಂದ ಫೋನು ಉತ್ತರ ಕೊಡುತ್ತದೆ. ಮನೆಯವರು ಫೋನಿನ ಬಾಯಿ ಮುಚ್ಚಿಸಿದರೇ ಹೊರತು ಮಗುವಿನ ಹೆಸರು ಬದಲಾಯಿಸಲಿಲ್ಲ.

ನೀವು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಹಿತ್ತಿಲಿಗೆ ಹೋಗಿ ಮುಂಬಾಗಿಲಿನವರಿಗೆ ಕೇಳುವ ಹಾಗೆ “ಇಬ್ಬನೀ” ಅಂತ ಕೂಗಿ. ನೆರೆಮನೆಯವರು ಏನು ನೋಡಿದರೂ ಚಿಂತೆಯಿಲ್ಲ, ನಿಮಗೇ ನಾಚಿಕೆ ಅನ್ನಿಸುತ್ತದಾ ನೋಡಿ. ನಾಚಿಕೆ ಅನ್ನಿಸಿದರೆ ಬಿಡಿ. ತಾಯಿಯ ಮುಜುಗರ ಮಗುವಿಗೆ ಬೇಗ ತಿಳಿಯುತ್ತದೆ. ಚಿಕ್ಕದು ಮಾಡಿದರೆ ಏನಾಗುತ್ತದೆ ಅಂತಲೂ ನೋಡಿ, ಯಾಕೆಂದರೆ ಮಾಡಿಯೇ ಮಾಡುತ್ತಾರೆ. ಇಬ್ಬು, ಬನಿ, ಹೆಚ್ಚೆಂದರೆ ಬನ್ನಿ. ಬನ್ನಿ ಮರಕ್ಕೆ ದಸರಾದಲ್ಲಿ ಪೂಜೆ ಮಾಡುತ್ತೇವೆ. ಅಲ್ಲಿಗೆ ಅಪಾಯವೇನೂ ಇಲ್ಲ. ಮೂರು ವರ್ಷದ ಮಗು ತನ್ನ ಹೆಸರು ತಾನೇ ಹೇಳಿಕೊಳ್ಳುವಂತಿರಬೇಕು. ಇದರಲ್ಲಿ ಒತ್ತಕ್ಷರ ಒಂದೇ, ಅದೂ ತುಟಿಯಲ್ಲಿ ಹುಟ್ಟುವ ‘ಬ’. ‘ಧೃತಿಸ್ಮಿತಾ’ ಅಂತ ಇಟ್ಟ ಮನೆಯಲ್ಲಿ ಮಗು ಐದು ವರ್ಷದವರೆಗೂ ತನ್ನನ್ನು ‘ತಿತಿತಾ’ ಅನ್ನುತ್ತಿದ್ದದ್ದು ನೋಡಿದ್ದೇನೆ.

ಕಾಗದಪತ್ರದ ವಿಷಯದಲ್ಲಿ ನೀವು ಆತುರ ಪಡದೆ ಇದ್ದದ್ದು ಒಳ್ಳೆಯದಾಯಿತು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹುಟ್ಟನ್ನು 21 ದಿನದೊಳಗೆ ದಾಖಲಿಸಬೇಕು, ಹೆಸರನ್ನು ಆಗಲೇ ಬರೆಸಬೇಕು ಅಂತಿಲ್ಲ. ನೋಂದಣಿಯಾದ ದಿನದಿಂದ 12 ತಿಂಗಳವರೆಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ಸೇರಿಸುವುದು ಸುಲಭ, ಬರೆಸಿದ್ದನ್ನು ಬದಲಾಯಿಸುವುದು ಕಷ್ಟ. ಎರಡು ವರ್ಷದ ಮಗುವಿನ ಹೆಸರು ಬದಲಾಯಿಸಲು ಹೊರಟ ಉಡುಪಿ ಕಡೆಯ ತಂದೆ ತಾಯಿ ಹೈಕೋರ್ಟಿನವರೆಗೆ ಹೋಗಬೇಕಾಯಿತು. 2025ರಲ್ಲಿ ಕರ್ನಾಟಕ ಹೈಕೋರ್ಟ್ ಅವರಿಗೆ ಅವಕಾಶ ಕೊಟ್ಟಿತು. ಹಳೆಯ ಹೆಸರು, ಹೊಸ ಹೆಸರು ಎರಡೂ ದಾಖಲೆಯಲ್ಲಿ ಇರಬೇಕು ಅಂದಿತು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಹಾಗಾಗಿ ಅಲ್ಲಿ ಆದ ಒಂದಕ್ಷರದ ತಪ್ಪು ಎಲ್ಲ ಕಡೆಗೂ ಹೋಗುತ್ತದೆ.

ಅದಕ್ಕೇ ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು ಅಂತ ಮೊದಲೇ ತೀರ್ಮಾನ ಮಾಡಿ. ಐ, ಬಿ, ಬಿ, ಎ, ಎನ್, ಐ. ಇಷ್ಟು ಸಾಕು. ಸಂಖ್ಯಾಶಾಸ್ತ್ರ ಅಂತ ಯಾರಾದರೂ ಒಂದು ಎಚ್ ಸೇರಿಸಿ, ಕೊನೆಗೆ ಎರಡು ಇ ಹಾಕಿ ಅಂದರೆ ಕಿವಿ ಕೊಡಬೇಡಿ. ನನ್ನ ತಮ್ಮನ ಮಗನ ಹೆಸರಿನಲ್ಲಿ ಹಾಗೆ ಸೇರಿದ ಒಂದು ‘ಎ’ ಆಧಾರಿನಲ್ಲಿ ಇದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇಲ್ಲ. ಅದರ ಹಿಂದೆ ಅವನು ಒಂದು ಬೇಸಿಗೆ ರಜೆ ಪೂರ್ತಿ ಓಡಾಡಿದ. ಇನ್ನೊಂದು, ಬರೀ ಇಬ್ಬನಿ ಅಂತ ಒಂಟಿ ಹೆಸರು ಬರೆಸಬೇಡಿ. ನಮ್ಮ ಕಡೆ ಇನಿಷಿಯಲ್‌ನಲ್ಲಿ ಕೆಲಸ ಮುಗಿಯುತ್ತದೆ, ಹೊರದೇಶದ ಫಾರಂಗಳಲ್ಲಿ ಮುಗಿಯುವುದಿಲ್ಲ. 2022ರ ನವೆಂಬರಿನಿಂದ ಯುಎಇ ದೇಶ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗಳನ್ನು ಬಿಟ್ಟುಕೊಳ್ಳುವುದನ್ನು ನಿಲ್ಲಿಸಿತು. ಅಪ್ಪನ ಹೆಸರೋ ಅಮ್ಮನ ಹೆಸರೋ, ಯಾವುದಾದರೂ ಒಂದು ಪೂರ್ತಿಯಾಗಿ ಜೊತೆಗಿರಲಿ.

ನಾದಿನಿಯವರನ್ನು ಮರೆಯಬೇಡಿ. ಅವರು ಆರಿಸಿದ ಹೆಸರು ಬೇಡ ಅಂತ ಹೇಳುವಾಗ ನಿಘಂಟು ತೆಗೆದು ಮುಖಕ್ಕೆ ಹಿಡಿಯಬೇಡಿ. ತೊಟ್ಟಿಲಿಗೆ ಹಾಕುವ ದಿನ ಕಿವಿಯಲ್ಲಿ ಹೆಸರು ಹೇಳಬೇಕಾದವರು ಸೋದರತ್ತೆ, ಅಂದರೆ ಅವರೇ. ಆ ಮೂರು ಸಲವನ್ನೂ ಅವರ ಬಾಯಿಂದಲೇ ಹೇಳಿಸಿ. ಆಮೇಲೆ ಅದು ಅವರಿಟ್ಟ ಹೆಸರೂ ಆಗುತ್ತದೆ. ಆಫೀಸಿನ ಗೆಳತಿಯರು ಮತ್ತೆ ನಕ್ಕರೆ ಒಂದು ಹುಗ್ಗಿ ಊಟಕ್ಕೆ ಕರೆಯಿರಿ, ಮಗುವನ್ನು ಎತ್ತಿಕೊಳ್ಳಲು ಕೊಡಿ. ನನಗೂ ಒಂದು ಕಾರ್ಡು ಕಳಿಸಿ, ಕಾರ್ಡಿನಲ್ಲಿ ಹೆಸರು ಕನ್ನಡದಲ್ಲಿ ಅಚ್ಚಾಗಿರಲಿ.